ಹುಳದ ಮೀಸೆ

ಹುಳದ ತಲೆಯ ಮೇಲೆ ಕೂದಲು ಕಂಡಾಗ ಅವಳು ಯಾರಿಗೂ ಹೇಳಲಿಲ್ಲ. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಯ ಮೇಲೆ ಮಲಗಿಸಿ, ಕಿಟಕಿಯಾಚೆ ಹಿಂದೆ ಮುಂದೆ ಮಾಡುತ್ತಿದ್ದ ಟ್ರಕ್ಕೊಂದನ್ನು ಸ್ವಲ್ಪ ಹೊತ್ತು ನೋಡಿದಳು. ಕಣ್ಣು ದಣಿದಾಗ ಇಲ್ಲದ್ದೆಲ್ಲ ಕಾಣುತ್ತದೆ. ಪಳೆಯುಳಿಕೆಗಳ ಮೇಲಿನ ಮಣ್ಣು ಬಿಡಿಸುವ ಈ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಗಿದ್ದರೂ ಆ ಭಯ ಅವಳನ್ನು ಬಿಟ್ಟಿರಲಿಲ್ಲ.

ಮತ್ತೆ ಬಗ್ಗಿದಳು. ಕಲ್ಲಿನ ಮೇಲೆ ಒಂದು ಹನಿ ಸ್ಪಿರಿಟ್ ಬಿಟ್ಟಳು. ಒದ್ದೆಯಾದ ಪದರಗಲ್ಲು ಕಪ್ಪಾಗಿ, ಹುಳ ಬೆಳ್ಳಿಯ ಹಾಗೆ ಹೊಳೆಯಿತು. ಬೆಳಕನ್ನು ಎಡದಿಂದ ಕೊಟ್ಟಳು, ಬಲದಿಂದ ಕೊಟ್ಟಳು. ಸೂಜಿಯ ಗೀರಾಗಿದ್ದರೆ ನೆರಳು ಜಾಗ ಬದಲಿಸಬೇಕಿತ್ತು. ಇದು ಬದಲಿಸಲಿಲ್ಲ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಹುಳ. ಐವತ್ತು ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ಕೆಸರಲ್ಲಿ ಹೂತು ಹೋದದ್ದು. ಎರೆಹುಳಕ್ಕೂ ಜಿಗಣೆಗೂ ದೂರದ ಮುತ್ತಜ್ಜನ ಸಾಲಿನದ್ದು. ಮೈಯ ಒಂದೊಂದು ಉಂಗುರಕ್ಕೂ ಎಡಬಲಗಳಲ್ಲಿ ಬಿರುಗೂದಲಿನ ಕುಚ್ಚು. ಅದನ್ನೇ ದೋಣಿಯ ಹುಟ್ಟಿನಂತೆ ಬಳಸಿ, ಅದನ್ನೇ ಕಾಲು ಮಾಡಿಕೊಂಡು ಓಡಾಡಿದ ಪ್ರಾಣಿ. ಮೈಮೇಲಿನ ಕುಚ್ಚು ಹೊಸದಲ್ಲ. ತಲೆಯ ಮೇಲೂ ಒಂದು ಜೊತೆ ಇದ್ದದ್ದು ಹೊಸದು.

ಮಧ್ಯಾಹ್ನ ಊಟವಾದ ಮೇಲೆ ಇನ್ನೊಮ್ಮೆ ನೋಡಿ, ವಿಭಾಗದ ಮುಖ್ಯಸ್ಥೆಗೆ ಫೋನು ಮಾಡಿದಳು.

"ಮೇಡಂ, ಸ್ವಲ್ಪ ಬರ್ತೀರಾ? ಅವಸರ ಏನಿಲ್ಲ."

ಈ ಹೆಂಗಸು ಅವಸರವಿಲ್ಲ ಅಂದರೆ ಓಡಬೇಕು ಎಂದು ಮೇಡಂಗೆ ಗೊತ್ತಿತ್ತು. ಟೀ ಲೋಟವನ್ನು ಬಾಗಿಲಾಚೆಯೇ ಇಟ್ಟು ಒಳಗೆ ಬಂದು ಬಗ್ಗಿದರು.

"ಅಯ್ಯಯ್ಯೋ! ಇದು ನಿಮ್ಮ ಮಾವನ ಮೀಸೆ ಅಲ್ವೇನ್ರೀ?"

ಬೆಳಗ್ಗೆಯಿಂದ ಅವಳ ಮನಸ್ಸಿನಲ್ಲೂ ಅದೇ ಮಾತು ಓಡುತ್ತಿತ್ತು.

ಮೂವತ್ತೈದು ವರ್ಷದ ಹಿಂದೆ ಅವಳ ಮಾವ ಇದೇ ಮ್ಯೂಸಿಯಂನಲ್ಲಿ ಪಳೆಯುಳಿಕೆಗಳ ಚಿತ್ರ ಬರೆಯುವ ಮೇಷ್ಟ್ರು. ಇದೇ ಜಾತಿಯ ಹುಳವೊಂದನ್ನು ಬರೆದು ದೊಡ್ಡ ಸಾಹೇಬರ ಮೇಜಿಗೆ ಕಳಿಸಿದ್ದರು. ಚಿತ್ರದ ಹುಳಕ್ಕೆ ತಲೆಯ ಮೇಲೂ ಕುಚ್ಚು. ಸಾಹೇಬರು ಕಲ್ಲು ತರಿಸಿ ನೋಡಿದರು, ತಲೆ ಬೋಳು. ಚಿತ್ರದ ಮೇಲೆ ಕೆಂಪು ಶಾಯಿಯಲ್ಲಿ "ಹುಳಕ್ಕೆ ಮೀಸೆ ಬರೆಯಬೇಡಿ" ಎಂದು ಗೀಚಿ, ಸಾಲದ್ದಕ್ಕೆ ಅದನ್ನು ಎಲ್ಲರ ಮುಂದೆ ಓದಿ ಹೇಳಿದರು. ಆಗ ಮೇಷ್ಟ್ರಿಗೆ ಕಿವಿಯವರೆಗೂ ಹೋಗುವ ಮೀಸೆಯಿತ್ತು. ನಗು ತಡೆಯಲು ಯಾರಿಂದಲೂ ಆಗಲಿಲ್ಲ. ಮಾರನೇ ದಿನ ಅವರು ಮೀಸೆ ಬೋಳಿಸಿಕೊಂಡು ಬಂದರು. ಅದರಿಂದ ಇನ್ನೂ ಕೆಟ್ಟಿತು. ಮೀಸೆಯಿಲ್ಲದ ಮನುಷ್ಯನನ್ನು ಮೀಸೆ ಮೇಷ್ಟ್ರು ಅಂತ ಯಾಕೆ ಕರೆಯುತ್ತೀರಿ ಎಂದು ಹೊಸಬರು ಕೇಳುವರು, ಹಳಬರು ಕತೆ ಹೇಳುವರು, ಮತ್ತೆ ನಗು. ನಿವೃತ್ತಿಯ ದಿನದ ಭಾಷಣದಲ್ಲೂ ಆ ಕತೆ ಬಂತು. "ಮೀಸೆ ನೋಡಿ ಮದುವೆಯಾದೆ, ಹುಳ ಬಂದು ಅದನ್ನೂ ತಿಂದುಬಿಡ್ತು," ಎಂದು ಅತ್ತೆ ಇದ್ದಾಗ ಹೇಳುತ್ತಿದ್ದರು.

ಮೇಷ್ಟ್ರು ಮಾತ್ರ ಅವತ್ತಿನಿಂದ ಒಂದೇ ಮಾತಿಗೆ ಅಂಟಿಕೊಂಡಿದ್ದರು. ನಾನು ಕಂಡದ್ದನ್ನೇ ಬರೆದೆ. ಈಗ ಕಲ್ಲಿನ ಮೇಲೆ ಇಲ್ಲ ಅಂದರೆ ನನ್ನ ಕೈ ದಾಟಿದ ಮೇಲೆ ಯಾರೋ ಕೆರೆದಿದ್ದಾರೆ.

ಆ ಯಾರೋ ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಚಿತ್ರವಾದ ಮೇಲೆ ಕಲ್ಲು ಬಾಲದ ಕಡೆಯ ಮಣ್ಣು ಬಿಡಿಸಲು, ಆಗ ಆ ಕೆಲಸದಲ್ಲಿದ್ದ, ಎಲ್ಲರೂ ಸೂಜಿಯಮ್ಮ ಎನ್ನುತ್ತಿದ್ದ ಹೆಂಗಸಿನ ಮೇಜಿಗೆ ಹೋಗಿತ್ತು. ಆಕೆ ಹೇಳಿದ್ದು ಇಷ್ಟೇ: "ನಾನು ಮುಟ್ಟಿದ್ದು ಬಾಲದ ಕಡೆ." ಎರಡನೇ ಸಲ ಹೇಳಲಿಲ್ಲ. ಮೇಷ್ಟ್ರೂ ಆಕೆಯೂ ಒಂದೇ ಕೋಣೆಯಲ್ಲಿ, ನಡುವೆ ಒಂದು ಬೀರು ನಿಲ್ಲಿಸಿಕೊಂಡು, ಹದಿನೈದು ವರ್ಷ ಮಾತಿಲ್ಲದೆ ಕೆಲಸ ಮಾಡಿದರು. ಕಲ್ಲು ಕೊಡುವಾಗ, ತೆಗೆದುಕೊಳ್ಳುವಾಗ ಚೀಟಿ. ಸೂಜಿಯಮ್ಮ ಈಗಿಲ್ಲ. ಕೊನೆಯ ಎರಡು ವರ್ಷ ಆಕೆಯ ಪಕ್ಕದಲ್ಲಿ ಕೂತು ಸೂಜಿ ಹಿಡಿಯಲು ಕಲಿತವಳು ಇವಳು. ಬೀರುವಿನ ಆಚೆ ಬದಿಯಿಂದ ಇವಳನ್ನು ಗಮನಿಸಿ, "ಕಾಳಿನಷ್ಟು ಕಲ್ಲಿಗೆ ಮೂರು ದಿನ ತಗೊಳ್ಳೋ ಹುಡುಗಿ, ನನ್ನ ಮಗನನ್ನೂ ಸಹಿಸ್ಕೋತಾಳೆ," ಎಂದು ಮಗನಿಗೆ ತಂದುಕೊಂಡವರು ಮೇಷ್ಟ್ರು. ಬೀರುವಿನ ಬಗ್ಗೆ ಅವಳು ಇಬ್ಬರನ್ನೂ ಒಂದು ದಿನವೂ ಕೇಳಿರಲಿಲ್ಲ. ಕೇಳದಿರುವುದು ಅವಳಿಗೆ ಸುಲಭವಾಗಿ ಬರುತ್ತಿತ್ತು.

"ಪ್ರಬಂಧದಲ್ಲಿ ಹಳೇ ಚಿತ್ರ, ಹೊಸ ಫೋಟೋ ಎರಡೂ ಪಕ್ಕಪಕ್ಕ ಹಾಕೋಣ," ಎಂದರು ಮೇಡಂ, ಆಗಲೇ ಕೋಣೆಯ ಉದ್ದಗಲ ಓಡಾಡುತ್ತ. "ತಲೆಯ ಬಿರುಗೂದಲನ್ನ ಮೊದಲು ಗುರುತಿಸಿದವರು ನಮ್ಮ ಚಿತ್ರಕಾರರು, ಆಮೇಲೆ ಸ್ವಚ್ಛ ಮಾಡುವಾಗ ಅದು ಹಾಳಾಯ್ತು. ಒಂದೇ ವಾಕ್ಯ ಸಾಕು. ಜಗತ್ತೆಲ್ಲ ಓದುತ್ತೆ. ಕೊಡಿ ಫೋನು, ಈಗಲೇ ಹೇಳಿಬಿಡ್ತೀನಿ!"

ಬೇಡ ಎನ್ನುವಷ್ಟರಲ್ಲಿ ಆ ಕಡೆ ಮಾವ ಹಲೋ ಅಂದಾಗಿತ್ತು.

ಅವಳು ಮನೆಗೆ ಬಂದಾಗ ಅವರು ಬಾಲ್ಕನಿಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಕಣ್ಣಿನ ನಡುಭಾಗ ಹೋಗಿ ಆರು ವರ್ಷ. ನೇರ ನೋಡಿದ್ದು ಕಾಣುವುದಿಲ್ಲ. ಓರೆಯಲ್ಲಿ ಅಂಚುಗಳು ಮಾತ್ರ ಕಾಣುತ್ತವೆ. ಹಾಗಾಗಿ ಅವಳ ಕಡೆ ಮುಖ ತಿರುಗಿಸದೆ, ಪಕ್ಕದ ಗೋಡೆಯನ್ನು ನೋಡುತ್ತ ಕೇಳಿದರು:

"ಎರಡೂ ಕಡೆ ಇದ್ಯಾ?"

"ಎರಡೂ ಕಡೆ ಇದೆ ಮಾವ."

"ನಾನು ಹೇಳಲಿಲ್ವಾ."

ಅಷ್ಟೇ. ಆಮೇಲೆ ಅವರು ಕುರ್ಚಿಯ ಕೈಯನ್ನು ನಿಧಾನವಾಗಿ ಸವರುತ್ತ ಕೂತರು. ಮಾರನೇ ಬೆಳಗ್ಗೆ ಅವಳ ಗಂಡ ಎಂದಿನಂತೆ ಅಪ್ಪನಿಗೆ ಕ್ಷೌರ ಮಾಡಲು ಸೋಪು ಹಚ್ಚುವಾಗ ಮುದುಕರು ಕೈ ಅಡ್ಡ ಹಿಡಿದರು.

"ಮೇಲ್ದುಟಿ ಬಿಡು."

"ಯಾಕಪ್ಪ, ಏನಾಯ್ತು?"

"ಬಿಡು ಅಂದ್ರೆ ಬಿಡೋ. ಊರಿಗೆಲ್ಲ ಕನ್ನಡಕ ಮಾರ್ತೀಯ, ಅಪ್ಪನ ಕಣ್ಣಿಗೊಂದು ಗಾಜು ಸಿಗಲಿಲ್ಲ ನಿನ್ನ ಅಂಗಡೀಲಿ. ಮೀಸೆನಾದ್ರೂ ನನ್ನಿಷ್ಟಕ್ಕೆ ಬಿಡು."

ಗಂಡ ನಗುತ್ತ ಅವಳತ್ತ ನೋಡಿದ. ಅವಳೂ ನಕ್ಕಳು. ನಾಲ್ಕು ದಿನಕ್ಕೆ ಮುದುಕರ ತುಟಿಯ ಮೇಲೆ ಬಿಳಿಯ ಹೊಟ್ಟು ಮೆತ್ತಿದ ಹಾಗೆ ಕಂಡಿತು, ವಾರಕ್ಕೆ ಅದಕ್ಕೊಂದು ಆಕಾರ ಬಂತು. ಅವರು ದಿನಕ್ಕೆ ಹತ್ತು ಸಲ ಅದನ್ನು ಬೆರಳಲ್ಲಿ ತಡವಿ ನೋಡುವರು.

"ಹಳೇ ಕಲ್ಲನ್ನೂ ಒಂದ್ಸಲ ನೋಡಿಬಿಡಿ," ಎಂದಿದ್ದರು ಮೇಡಂ. "ತಲೆ ಹತ್ತಿರ ಕೆರೆದ ಗುರುತಿರುತ್ತಲ್ಲ, ಅದರದ್ದೊಂದು ಫೋಟೋ ಸಾಕು. ಬುಧವಾರ ಕಳಿಸ್ಬೇಕು."

ಸೋಮವಾರ ಅವಳು ನೆಲಮಾಳಿಗೆಯ ಡ್ರಾಯರಿನಿಂದ ಕಲ್ಲನ್ನು ತಂದಳು. ಒಬ್ಬೊಬ್ಬರ ಸೂಜಿಯ ಗುರುತೂ ಅವರವರ ಕೈಬರಹದ ಹಾಗೆ. ಸೂಜಿಯಮ್ಮ ಎಡಚಿ, ಆಕೆಯ ಗೀರುಗಳು ಗಿಡ್ಡ, ಒಂದೇ ಕಡೆಗೆ ವಾಲಿದವು. ಬಾಲದ ಸುತ್ತ ಅವು ದಟ್ಟವಾಗಿದ್ದವು. ನಡುಮೈಗೆ ಬರುತ್ತ ವಿರಳವಾಗಿ, ಎಂಟನೆಯ ಉಂಗುರದ ಹತ್ತಿರ ನಿಂತುಬಿಟ್ಟಿದ್ದವು. ಅಲ್ಲಿಂದ ಮುಂದೆ, ತಲೆಯವರೆಗೆ, ತಲೆಯ ಆಚೆಗೂ, ಕಲ್ಲಿನ ಮೈ ಬಿರಿದ ದಿನ ಹೇಗಿತ್ತೋ ಹಾಗೇ ಇತ್ತು. ಒಂದು ಗೀರಿಲ್ಲ. ಕೂದಲೂ ಇಲ್ಲ.

ನಾನು ಮುಟ್ಟಿದ್ದು ಬಾಲದ ಕಡೆ.

ಅವಳು ಆ ಜಾಗವನ್ನು ಮತ್ತೆ ಮತ್ತೆ ನೋಡಿದಳು. ಕೂದಲು ಕಾಣಬೇಕು ಎಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ ಒಂದೆರಡು ಸಲ ಕಂಡ ಹಾಗೂ ಆಯಿತು. ಬೆಳಕು ತಿರುಗಿಸಿದಾಗ ಹೋಯಿತು.

ಒಂದು ದಾರಿ ಉಳಿದಿತ್ತು. ಮೇಷ್ಟ್ರು ಚಿತ್ರವನ್ನು ಎರಡು ಸಲ ಬರೆಯುತ್ತಿದ್ದರು. ಮೊದಲು ಮೈಕ್ರೋಸ್ಕೋಪಿಗೆ ಸಿಕ್ಕಿಸಿದ ಕನ್ನಡಿ ಕೊಳವೆಯಲ್ಲಿ ಕಲ್ಲನ್ನೂ ಕಾಗದವನ್ನೂ ಒಟ್ಟಿಗೆ ನೋಡುತ್ತ ಪೆನ್ಸಿಲಿನಲ್ಲಿ. ಆಮೇಲೆ ಕಲ್ಲನ್ನು ವಾಪಸು ಕೊಟ್ಟು, ಕಿಟಕಿ ಪಕ್ಕದ ಮೇಜಿನಲ್ಲಿ ಆ ಪೆನ್ಸಿಲ್ ಚಿತ್ರದ ಮೇಲೆ ತೆಳುಹಾಳೆ ಹಾಸಿ ಶಾಯಿಯಲ್ಲಿ. ಶಾಯಿಯಾದ ಮೇಲೆ ಪೆನ್ಸಿಲ್ ಹಾಳೆ ಯಾರಿಗೂ ಬೇಡ. ಕಲ್ಲಿನ ನಂಬರು ಬರೆದ ಲಕೋಟೆಗೆ ಸೇರಿ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಸ್ಟೂಲು ಹತ್ತಿ, ಧೂಳು ಕುಡಿದು, ಅವಳು ಆ ಲಕೋಟೆ ಹುಡುಕಿದಳು.

ಪೆನ್ಸಿಲಿನ ಹುಳ ಮಾವನ ಕೈಯ ಮುದ್ದಾದ ಹುಳ. ಇಪ್ಪತ್ತೊಂದು ಉಂಗುರ, ಇಪ್ಪತ್ತೊಂದು ಜೊತೆ ಕುಚ್ಚು. ಬೆರಳಿಟ್ಟು ಎಣಿಸಿದಳು. ತಲೆ ನುಣ್ಣಗಿತ್ತು. ಶಾಯಿಯ ಹಾಳೆಯಲ್ಲಿ ಎಣಿಸಿದಳು, ಇಪ್ಪತ್ತೆರಡು.

ಅಂದರೆ ಆ ಕಲ್ಲಿನಲ್ಲಿ ತಲೆಯ ಕೂದಲು ಉಳಿದೇ ಇರಲಿಲ್ಲ, ಅವರು ಕಂಡೂ ಇರಲಿಲ್ಲ.

ಆ ದಿನವೂ ಮರುದಿನವೂ ಅವಳು ಮೇಡಂಗೆ ಏನೂ ಹೇಳಲಿಲ್ಲ. ಹೇಳದಿದ್ದರೆ ಏನಾಗುತ್ತದೆ ಎಂದು ಸಿಂಕಿನ ಮುಂದೆ ನಿಂತು, ಬಸ್ಸಿನಲ್ಲಿ ಕಂಬ ಹಿಡಿದು ಯೋಚಿಸಿದಳು. ಏನೂ ಆಗುವುದಿಲ್ಲ. ಲಕೋಟೆ ಅಟ್ಟಕ್ಕೆ ಹೋಗುತ್ತದೆ. ಎಪ್ಪತ್ತೈದು ವರ್ಷದ ಮನುಷ್ಯನೊಬ್ಬನ ಮುಖಕ್ಕೆ ಮೀಸೆ ವಾಪಸು ಬರುತ್ತದೆ. ಹೊಸ ಹುಳದ ತಲೆಯ ಮೇಲೆ ಕೂದಲಿರುವುದಂತೂ ನಿಜ. ವಿಜ್ಞಾನಕ್ಕೆ ಕೂದಲೆಳೆಯಷ್ಟೂ ನಷ್ಟವಿಲ್ಲ. ಸತ್ತವಳೊಬ್ಬಳು ಮಾತ್ರ ಜಗತ್ತೆಲ್ಲ ಓದುವ ಪ್ರಬಂಧದಲ್ಲಿ ಕೈ ತಪ್ಪಿದವಳಾಗಿ ಉಳಿಯುತ್ತಾಳೆ. ಅವಳ ಹೆಸರೂ ಅಲ್ಲಿರುವುದಿಲ್ಲ. ಸೂಜಿಯಮ್ಮ ಕಲಿಸುವಾಗ ತಮ್ಮ ಎಡಗೈಯನ್ನು ಇವಳ ಬಲಗೈಯ ಮೇಲಿಟ್ಟು, ಒತ್ತದೆ, ಭಾರವನ್ನಷ್ಟೇ ಕೊಡುತ್ತಿದ್ದರು. ಆ ಭಾರ ಈಗಲೂ ಕೆಲವೊಮ್ಮೆ ಗೊತ್ತಾಗುತ್ತಿತ್ತು.

ಮಂಗಳವಾರ ಸಂಜೆ, ಇನ್ನೂ ಬಿಸಿಲಿರುವಾಗಲೇ, ಅವಳು ಬಾಲ್ಕನಿಗೆ ಹೋಗಿ ಮಾವನ ಎದುರು ಬೆತ್ತದ ಸ್ಟೂಲು ಎಳೆದುಕೊಂಡು ಕೂತಳು.

"ಮಾವ, ಶಾಯಿ ಹಾಕುವಾಗ ಕುಚ್ಚನ್ನ ಹೇಗೆ ಬರೀತಿದ್ರಿ? ಹೊಸ ಹುಳದ ಚಿತ್ರ ನಾನೇ ಬರೀಬೇಕಂತೆ."

ಅದು ಸುಳ್ಳಲ್ಲ. ಮೇಷ್ಟ್ರ ನಂತರ ಮ್ಯೂಸಿಯಂಗೆ ಚಿತ್ರಕಾರರು ಬಂದಿರಲಿಲ್ಲ, ಮೇಡಂ ಹಾಗೆ ಹೇಳಿದ್ದರು. ಆದರೆ ಪೂರ್ತಿ ನಿಜವೂ ಅಲ್ಲವೆಂದು ಅವಳಿಗೆ ಗೊತ್ತಿತ್ತು.

"ಕಣ್ಣಿದ್ದಾಗ ಕೇಳಲಿಲ್ಲ, ಈಗ ಕೇಳು!" ಮುದುಕರು ಖುಷಿಯಾಗಿಯೇ ಬೈದರು. "ತಾ ಕಾಗದ. ದಪ್ಪ ಪೆನ್ನು ತಾ."

ಗಂಡನ ಅಂಗಡಿಯ ಹಳೆಯ ಪೋಸ್ಟರೊಂದರ ಹಿಂಬದಿ, ಕಪ್ಪು ಮಾರ್ಕರು. ಅವರು ಎಡಗೈ ಬೆರಳನ್ನು ದಾರಿಗೆಂದು ಕಾಗದದ ಮೇಲಿಟ್ಟು, ಹುಳದ ಹೊರಗೆರೆ ಎಳೆದರು. ಬಾಲ ಚೂಪು, ತಲೆ ಗುಂಡಗೆ. ಕಾಣದ ಕಣ್ಣಿನ ಗೆರೆ ಎಂದು ಯಾರೂ ಹೇಳುವಂತಿರಲಿಲ್ಲ.

"ಬಾಲದಿಂದ ಶುರು ಮಾಡ್ಬೇಕು. ತಲೆ ಬರೋ ಹೊತ್ತಿಗೆ ಕೈ ಬೆಚ್ಚಗಾಗಿರುತ್ತೆ. ಕುಚ್ಚನ್ನ ಒಂದೊಂದು ಕೂದಲಾಗಿ ಯೋಚಿಸಿದ್ಯೋ, ಕೆಟ್ಟೆ. ಒಂದೇ ಉಸಿರಿಗೆ ಎಳೀಬೇಕು. ನೋಡು. ಎಳೆ, ಬಿಡು. ಎಳೆ, ಬಿಡು. ಈ ಕಡೆ ಎಳೆ, ಬಿಡು."

ಕೈ ಓಡತೊಡಗಿತು. ಒಂದು ಕುಚ್ಚು, ಎದುರಿಗೊಂದು ಕುಚ್ಚು, ಬೆರಳು ಮುಂದಕ್ಕೆ. ತುಟಿ ಅಲ್ಲಾಡುತ್ತಿತ್ತು, ಹೊಸ ಮೀಸೆಯೂ ಅದರ ಜೊತೆಗೆ. ಎಷ್ಟು ಚಂದದ ಲಯವೆಂದರೆ ಅವಳ ಪಾದವೂ ತಾನಾಗಿ ತಾಳ ಹಾಕಿತು. ಹತ್ತು, ಹದಿನೈದು, ಇಪ್ಪತ್ತು. ಮೈ ಮುಗಿಯುತ್ತ ಬಂತು. ಕತ್ತು ಬಂತು. ಅವಳ ಪಾದ ನಿಂತಿತು. ಕೈ ನಿಲ್ಲಲಿಲ್ಲ. ತಲೆಯ ಎಡಕ್ಕೊಂದು, ಎಳೆ, ಬಿಡು. ಬಲಕ್ಕೊಂದು, ಎಳೆ, ಬಿಡು. ಬೆರಳು ತಲೆಯನ್ನೂ ದಾಟಿ ಖಾಲಿ ಕಾಗದಕ್ಕೆ ಬಂದಾಗ ಮಾತ್ರ ಅವರು ಪೆನ್ನೆತ್ತಿದರು.

"ಆಯ್ತು. ಹೇಗಿದೆ?"

ಅವಳು ತಲೆಯ ಎರಡು ಕುಚ್ಚುಗಳನ್ನೇ ನೋಡುತ್ತಿದ್ದಳು. ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದರು.

"ಯಾಕಮ್ಮಾ ಸುಮ್ಮನಾದೆ? ಕೈ ನಡುಗಿತಾ?"

"ಇಲ್ಲ ಮಾವ. ಚೆನ್ನಾಗಿದೆ. ತಲೆಗೂ ಹಾಕಿದ್ದೀರಿ."

"ಹ್ಞೂಂ. ಇದೆಯಲ್ಲ ತಲೆ ಮೇಲೆ, ನೀನೇ ಕಂಡೆಯಲ್ಲ."

"ಈಗ ಅದನ್ನ ನೆನೆಸ್ಕೊಂಡು ಹಾಕಿದ್ರಾ?"

ಮುದುಕರ ಬೆರಳು ಕಾಗದದ ಮೇಲೆ ಹಿಂದಕ್ಕೆ ಹೋಗಿ, ಇನ್ನೂ ಒದ್ದೆಯಿದ್ದ ಶಾಯಿಯನ್ನು ಮುಟ್ಟಿತು.

"ಇಲ್ಲ," ಎಂದರು. "ತಲೆ ಬಂದದ್ದೇ ಗೊತ್ತಾಗಲಿಲ್ಲ."

ಅವಳು ಕಾದಳು. ಇದನ್ನು ಅವರೇ ನಡೆದು ಮುಟ್ಟಬೇಕು ಎಂದು ಅವಳಿಗೆ ಅನಿಸಿತು. ಅದೇ ಹೊತ್ತಿಗೆ ತಾನು ಮಾಡುತ್ತಿರುವುದು ಕ್ರೌರ್ಯ ಎಂದೂ ಅನಿಸಿತು.

"ಪೆನ್ಸಿಲ್ ಹಾಳೆ ಇರುತ್ತೆ," ಎಂದರು ಅವರು. "ಅಟ್ಟದ ಮೇಲೆ. ಲಕೋಟೇಲಿ."

"ನೋಡಿದೆ ಮಾವ."

"ಬೋಳಾ?"

"ಬೋಳು."

"ಕಲ್ಲು?"

"ತಲೆ ಕಡೆ ಸೂಜಿ ಮುಟ್ಟೇ ಇಲ್ಲ. ಎಂಟನೇ ಉಂಗುರಕ್ಕೆ ನಿಂತಿದೆ."

ಸ್ಕೂಟರು ಸ್ಟಾರ್ಟಾಗಿ ಹೋಯಿತು. ಮುದುಕರ ಮುಖ ಗೋಡೆಯ ಕಡೆಗಿತ್ತು. ಅಂದರೆ ಓರೆಯಲ್ಲಿ ಅವಳನ್ನೇ ನೋಡುತ್ತಿದ್ದರು. ಅವರು ತಮ್ಮ ಬಗ್ಗೆ ಏನಾದರೂ ಹೇಳುತ್ತಾರೆ ಎಂದುಕೊಂಡಿದ್ದಳು. ಅವರು ಹೇಳಿದ್ದು ಬೇರೆ.

"ಆಕೆ ಗಂಡ ಹೋದಾಗಲೂ ನಾನು ಮಾತಾಡಿಸಲಿಲ್ಲ. ಚೀಟೀಲಿ ಬರೆದು ಕಳಿಸ್ದೆ." ಶಾಯಿ ಮೆತ್ತಿದ ಬೆರಳನ್ನು ಪಂಚೆಗೆ ಒರೆಸಿಕೊಂಡರು. "ಆಕೆ ಉತ್ತರಾನೂ ಚೀಟೀಲೇ ಕಳಿಸಿದ್ಲು. 'ಸಿಕ್ಕಿತು' ಅಂತ."

ಅವಳು ಒಳಗೆ ಹೋಗಿ ಟೀ ಮಾಡಿ ತಂದಳು. ಅವರು ಲೋಟ ಹಿಡಿದುಕೊಂಡರು, ಕುಡಿಯಲಿಲ್ಲ. ಕತ್ತಲಾಗಲು ಇನ್ನೂ ಹೊತ್ತಿತ್ತು. ಬೇರೇನೂ ತೋಚದೆ ಅವಳು ಹುಳದ ವಿಷಯ ತೆಗೆದಳು.

"ಮೇಡಂ ಏನಂತಾರೆ ಗೊತ್ತಾ ಮಾವ? ಆ ಕಾಲದಲ್ಲಿ ಈ ಹುಳಗಳಿಗೆ ತಲೆ ಅಂತ ಬೇರೆ ಇನ್ನೂ ಸರಿಯಾಗಿ ಆಗಿರಲಿಲ್ವಂತೆ. ಮೈಯ ಉಂಗುರಗಳ ಸಾಲಲ್ಲಿ ಮುಂದಿನದು ಅಷ್ಟೇ. ಅದಕ್ಕೇ ಅಲ್ಲೂ ಕುಚ್ಚು. ಆಮೇಲಾಮೇಲೆ ಅಲ್ಲಿ ಕೂದಲು ಹೋಗಿ, ಬೇರೆ ತಲೆ ಅಂತ ಆಗಿರ್ಬೇಕು ಅಂತ ಅವರ ಅಂದಾಜು."

"ಅಂದ್ರೆ," ಎಂದರು ಮುದುಕರು ನಿಧಾನವಾಗಿ, "ಒಂದು ಉಂಗುರ, ಒಂದು ಕುಚ್ಚು, ಒಂದು ಉಂಗುರ, ಒಂದು ಕುಚ್ಚು, ಹೀಗೆ ಮಾಡ್ತಾ ಮಾಡ್ತಾ…"

"ಹ್ಞೂಂ."

"ತಲೆ ಬಂದದ್ದು ಅದಕ್ಕೂ ಗೊತ್ತಾಗಲಿಲ್ಲ ಅನ್ನು."

ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಎಂದು ಅವಳು ಎದ್ದು ನಿಂತಳು. ಅವರು ನಗುತ್ತಿದ್ದರು. ಸದ್ದಿಲ್ಲದೆ, ಟೀ ತುಳುಕುವ ಹಾಗೆ. ಆಮೇಲೆ ಲೋಟವನ್ನು ಅವಳ ಕೈಗೆ ಕೊಟ್ಟರು.

"ಮೇಡಂಗೆ ಫೋನ್ ಹಚ್ಚು. ನಾನೇ ಮಾತಾಡ್ತೀನಿ."

ಆ ಕಡೆಯಿಂದ ಮೇಡಂ ಒಪ್ಪಲಿಲ್ಲ. ಇಷ್ಟು ವರ್ಷದ ಮೇಲೆ ಪೆನ್ಸಿಲ್ ಹಾಳೆಯನ್ನು ಯಾರು ಕೇಳುತ್ತಾರೆ, ನಿಮಗೆ ಸಿಗಬೇಕಾದ ಗೌರವ ಎಂದೆಲ್ಲ ಹೇಳುತ್ತಿದ್ದುದು ಇವಳಿಗೂ ಕೇಳಿಸುತ್ತಿತ್ತು.

"ಅಲ್ಲ ಕಣಮ್ಮಾ, ನಾನು ಕಾಣಲೇ ಇಲ್ಲ. ಕಾಣದೇ ಬರೆದೆ. ಇತ್ತು ಅನ್ನೋದು ಹುಳದ ದೊಡ್ಡತನ, ನಂದಲ್ಲ. ಆ ವಾಕ್ಯ ತೆಗೀರಿ. ಅಲ್ಲಿ ಇನ್ನೊಂದು ಹಾಕಿ. ಹಳೇ ಕಲ್ಲಿನ ತಲೆ ಭಾಗವನ್ನ ಯಾರೂ ಮುಟ್ಟಿಲ್ಲ, ಸ್ವಚ್ಛ ಮಾಡಿದವರು ಬಾಲದ ಕಡೆ ಮಾತ್ರ ಕೆಲಸ ಮಾಡಿದ್ದು ಅಂತ. ಆಕೆ ಹೆಸರು ಬರೀರಿ. ಪೂರ್ತಿ ಹೆಸರು." ಆ ಕಡೆ ಏನೋ ಕೇಳಿದರು. "ಇಲ್ಲ, ನನಗೂ ಪೂರ್ತಿ ಗೊತ್ತಿಲ್ಲ. ಆಫೀಸಿನ ಹಳೇ ಹಾಜರಿ ಪುಸ್ತಕದಲ್ಲಿರುತ್ತೆ, ಹುಡುಕ್ಸಿ."

ಬುಧವಾರ ಹೋಗಬೇಕಿದ್ದ ಪ್ರಬಂಧ ಶುಕ್ರವಾರಕ್ಕೆ ಹೋಯಿತು. ಗುರುವಾರ ಬೆಳಗ್ಗೆ ಅವಳು ಚಿತ್ರ ಬರೆಯಲು ಹೊರಟಾಗ ಮಾವ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮೀಸೆ ಹಾಗೇ ಇತ್ತು. ಅದನ್ನು ತೆಗೆಸುತ್ತಾರೆ ಎಂದುಕೊಂಡು ಗಂಡ ಸೋಪು ಕಲಸಿ ಕಾದಿದ್ದೂ ವ್ಯರ್ಥವಾಗಿತ್ತು.

ಮ್ಯೂಸಿಯಂನ ಗೇಟಿನಲ್ಲಿ ಹಳೆಯ ಕಾವಲುಗಾರ ಎದ್ದು ನಿಂತ. "ಏನ್ ಮೇಷ್ಟ್ರೇ! ಕೊನೆಗೂ ಹುಳದ ಮೀಸೆ ವಾಪಸ್ ಬಂತಾ?"

"ಇದು ಹುಳದ್ದಲ್ಲಪ್ಪ," ಎಂದರು ಮುದುಕರು. "ನಂದೇ."

ಬೀರು ಈಗಲೂ ಕೋಣೆಯ ನಡುವೆಯೇ ಇತ್ತು. ಅವರು ಅದನ್ನು ಕೈಯಿಂದ ತಡವಿ ಗುರುತಿಸಿ, ಬಳಸಿಕೊಂಡು ಆಚೆ ಬದಿಗೆ, ಸೂಜಿಯಮ್ಮನ ಕುರ್ಚಿಯಿರುತ್ತಿದ್ದ ಕಡೆಗೆ ಹೋಗಿ ಕೂತರು. ಅವಳು ಕನ್ನಡಿ ಕೊಳವೆ ಸಿಕ್ಕಿಸಿ ಪೆನ್ಸಿಲಿನ ಕೆಲಸ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಶಾಯಿಗೆಂದು ತೆಳುಹಾಳೆ ಹಾಸಿದಾಗ, ಕಲ್ಲನ್ನು ಡ್ರಾಯರಿಗೆ ಹಿಂದಿರುಗಿಸಲು ಎತ್ತಿಕೊಂಡಳು.

"ಕಲ್ಲು ಕೊಡಬೇಡ," ಎಂದರು ಮಾವ ಸದ್ದಿನಿಂದಲೇ ತಿಳಿದು. "ಪಕ್ಕದಲ್ಲೇ ಇಟ್ಕೋ. ಒಂದೊಂದು ಕುಚ್ಚಿಗೂ ಕೈ ಎತ್ತು, ನೋಡು, ಆಮೇಲೆ ಹಾಕು. ನಿಧಾನ ಆಗುತ್ತೆ. ಚಂದಾನೂ ಇರಲ್ಲ."

ಬಾಲದಿಂದ ಶುರು ಮಾಡಿದಳು. ಕೈ ಎತ್ತಿದಳು, ಬಗ್ಗಿ ನೋಡಿದಳು, ಹಾಕಿದಳು. ಹತ್ತನೆಯ ಉಂಗುರದ ಹೊತ್ತಿಗೆ ಕೈಗೆ ಓಡುವ ಆಸೆ ಬಂತು. ಬೆರಳುಗಳು ಮುಂದಿನ ಕುಚ್ಚನ್ನು ಆಗಲೇ ಅರಿತಿದ್ದವು.

"ನೋಡಿದ್ಯಾ?" ಎಂಬ ದನಿ ಬೀರುವಿನ ಆಚೆಯಿಂದ ಬಂತು.

"ನೋಡ್ದೆ ಮಾವ."

"ಹಾಗಾದ್ರೆ ಹಾಕು."

ಬಿಸಿಲು ಮೇಜಿನ ಅಂಚಿನಿಂದ ನೆಲಕ್ಕಿಳಿಯಿತು. ಕತ್ತು ದಾಟಿ ತಲೆಗೆ ಬಂದಾಗ ಅವಳು ಪೆನ್ನನ್ನು ಕೆಳಗಿಟ್ಟು, ಕಲ್ಲಿಗೆ ಹೊಸ ಹನಿ ಬಿಟ್ಟು, ಬೆಳಕನ್ನು ಎರಡೂ ಕಡೆಯಿಂದ ಕೊಟ್ಟು ನೋಡಿದಳು. ಎಡಗಡೆಯ ಕುಚ್ಚಿನಲ್ಲಿ ಏಳು ಕೂದಲು. ಏಳನ್ನೂ ಹಾಕಿದಳು. ಬಲಗಡೆ ನಾಲ್ಕು ಸ್ಪಷ್ಟ.

"ಎಷ್ಟು?"

"ಈ ಕಡೆ ನಾಲ್ಕು. ಐದನೇದು… ಇರಬಹುದು."

"ಇರಬಹುದಾ?"

ಅವಳು ಇನ್ನೊಮ್ಮೆ ಬಗ್ಗಿದಳು. ಐದನೆಯದು ಬಂತು, ಹೋಯಿತು. ಬೆಳಕು ತಿರುಗಿಸಿದಾಗ ಬರಲಿಲ್ಲ.

"ಇಲ್ಲ ಮಾವ."

"ಹಾಗಾದ್ರೆ ಬಿಡು," ಎಂದರು ಅವರು. ಅವಳು ಪೆನ್ನಿನ ಮುಚ್ಚಳ ಹಾಕಿದಳು.